9:20 ಸ್ಟ್ರಾಡಲ್ಲೋ, ಒಆರ್‌ಬಿಯೋ? ಎರಡನ್ನೂ 60 ದಿನ ಓಡಿಸಿ ನೋಡಿದೆ

2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ 60 ದಿನ ಷೇರು ಸೂಚ್ಯಂಕ ನಿಫ್ಟಿಯಲ್ಲಿ ಎರಡು ಆಲ್ಗೊಗಳನ್ನು (ತಾನಾಗಿ ಟ್ರೇಡ್ ಮಾಡುವ ಕೋಡ್) ಒಂದೊಂದೇ ಲಾಟ್‌ನಲ್ಲಿ ಓಡಿಸಿದೆ. ಲಾಟ್ ಅಂದರೆ ಒಮ್ಮೆಗೆ ಟ್ರೇಡ್ ಮಾಡಬೇಕಾದ ಕನಿಷ್ಠ ಸಂಖ್ಯೆ, ಆಗ ಅದು 75 ಇತ್ತು. ಒಂದು, ಎಲ್ಲರ ಬಾಯಲ್ಲೂ ಇರುವ 9:20 ಸ್ಟ್ರಾಡಲ್: ಬೆಳಿಗ್ಗೆ 9:20ಕ್ಕೆ ಎಟಿಎಂ (ಆಗಿನ ನಿಫ್ಟಿ ಮಟ್ಟಕ್ಕೆ ಹತ್ತಿರದ) ಕಾಲ್ (ನಿಫ್ಟಿ ಏರಿದರೆ ಬೆಲೆ ಹೆಚ್ಚುವ ಆಪ್ಷನ್), ಪುಟ್ (ಇಳಿದರೆ ಹೆಚ್ಚುವುದು) ಎರಡನ್ನೂ ಮಾರಿ, ಒಂದೊಂದಕ್ಕೂ 25% ಸ್ಟಾಪ್‌ಲಾಸ್ (ಬೆಲೆ ಅಷ್ಟು ಏರಿದರೆ ನಷ್ಟದಲ್ಲೇ ಹೊರಬರುವುದು) ಹಾಕಿ, ಉಳಿದದ್ದನ್ನು 3:15ಕ್ಕೆ ಮುಗಿಸುವುದು. ಇನ್ನೊಂದು ಒಆರ್‌ಬಿ, ಅಂದರೆ ಓಪನಿಂಗ್ ರೇಂಜ್ ಬ್ರೇಕ್‌ಔಟ್. ಮೊದಲ 15 ನಿಮಿಷದ ಹೈ ದಾಟಿದರೆ ಫ್ಯೂಚರ್ (ಮುಂದಿನ ದಿನಾಂಕದ ನಿಫ್ಟಿ ಒಪ್ಪಂದ) ಕೊಳ್ಳುವುದು, ಲೋ ಒಡೆದರೆ ಮಾರುವುದು, ಸ್ಟಾಪ್ ಆ ರೇಂಜ್‌ನ ನಡುವೆ.

ಮೊದಲ ಎರಡು ವಾರ ಸ್ಟ್ರಾಡಲ್ ಮೇಲೆ ಎಲ್ಲಿಲ್ಲದ ಪ್ರೀತಿ. ದಿನಾ ಸಂಜೆ ಹಸಿರು. 800, 1,200, ಮತ್ತೆ 900. ಒಆರ್‌ಬಿ ಮಾತ್ರ ಕೆಂಪು, ಕೆಂಪು, ಮತ್ತೆ ಕೆಂಪು, ಆಮೇಲೆ ಇದ್ದಕ್ಕಿದ್ದಂತೆ ಒಂದು ದಿನ 9,000 ಚಿಲ್ಲರೆ. ಆ ದಿನ 3,000 ಬಂದಾಗಲೇ ಮುಗಿಸಿಬಿಡೋಣ ಅಂತ ಕೈ ತುರಿಸುತ್ತಿತ್ತು, ಲ್ಯಾಪ್‌ಟಾಪ್ ಮುಚ್ಚಿ ಕಾಫಿಗೆ ಎದ್ದು ಹೋದೆ.

60 ದಿನ ಆದ ಮೇಲೆ ಲೆಕ್ಕ ಹಾಕಿದರೆ ಸ್ಟ್ರಾಡಲ್ 38 ದಿನ ಗೆದ್ದು 22 ದಿನ ಸೋತಿತ್ತು. ಗೆದ್ದ ದಿನ ಸರಾಸರಿ 1,150, ಸೋತ ದಿನ 1,900. ಒಟ್ಟು ಉಳಿದದ್ದು ಬರೀ 1,900 ರೂಪಾಯಿ! ಒಆರ್‌ಬಿ 54 ಟ್ರೇಡ್‌ನಲ್ಲಿ ಗೆದ್ದದ್ದು 21 ಮಾತ್ರ, ಆದರೆ ಗೆದ್ದಾಗ ಸರಾಸರಿ 5,000, ಸೋತಾಗ 2,400. ಒಟ್ಟು 25,800. ಹಾಗಾದರೆ ಒಆರ್‌ಬಿನೇ ಗೆದ್ದಿತು, ಅಲ್ವಾ?

ಇಲ್ಲ. ಸ್ಕ್ರೀನ್ ಮೇಲೆ ಕಾಣುವುದು ಖರ್ಚು ಕಳೆಯದ ಲೆಕ್ಕ. ಖರ್ಚೆಲ್ಲ ಬರೆದು ಬ್ರೋಕರ್ ರಾತ್ರಿ ಮೇಲ್‌ಗೆ ಕಳಿಸುವ ಕಾಂಟ್ರ್ಯಾಕ್ಟ್ ನೋಟ್ ನಾನು ಒಂದು ತಿಂಗಳು ತೆರೆದೇ ನೋಡಿರಲಿಲ್ಲ. ನಿಫ್ಟಿ 25,000 ಇದ್ದಾಗ ಒಂದು ಲಾಟ್ ಫ್ಯೂಚರ್ ಅಂದರೆ 18.75 ಲಕ್ಷದ ವ್ಯವಹಾರ. ಮಾರುವಾಗ ಆಗ ಇದ್ದ 0.02% ಎಸ್‌ಟಿಟಿ (ಷೇರು ವ್ಯವಹಾರದ ತೆರಿಗೆ) ಅಂದರೆ ಅದೊಂದೇ 375 ರೂಪಾಯಿ. ಬ್ರೋಕರೇಜ್, ಸ್ಟ್ಯಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಚಾರ್ಜ್, ಜಿಎಸ್‌ಟಿ ಎಲ್ಲ ಸೇರಿ ಒಂದು ಟ್ರೇಡ್‌ಗೆ ಹತ್ತಿರ ಹತ್ತಿರ 540. ಸುಮಾರು 7 ಪಾಯಿಂಟ್ ಹೋದ ಹಾಗೆ. 54 ಟ್ರೇಡ್‌ಗೆ 29,160! ಲಾಭವೆಲ್ಲ ಹೋಗಿ 3,360 ಕೈಯಿಂದ ಹಾಕಿದಂತಾಯಿತು. ಆಪ್ಷನ್ ಮಾರುವಾಗ ಎಸ್‌ಟಿಟಿ ಪ್ರೀಮಿಯಂ (ಆಪ್ಷನ್ ಬೆಲೆ) ಮೇಲೆ ಮಾತ್ರ, ಹಾಗಾಗಿ ಸ್ಟ್ರಾಡಲ್‌ಗೆ ದಿನಕ್ಕೆ 125ರ ಆಸುಪಾಸು. ಆದರೂ 60 ದಿನಕ್ಕೆ 7,500. ಅದು 5,600 ನಷ್ಟ.

ಸ್ಟ್ರಾಡಲ್‌ನ ಕೆಟ್ಟ ದಿನ ಹೇಗಿರುತ್ತದೆ ಗೊತ್ತಾ? ಎರಡೂ 100ಕ್ಕೆ ಮಾರಿದ್ದೆ. ಹತ್ತೂಮುಕ್ಕಾಲಿಗೆ ಮಾರ್ಕೆಟ್ ಏರಿ ಕಾಲ್ ಸ್ಟಾಪ್ ಹೊಡೆಯಿತು. ಆಮೇಲೆ ಕೆಳಗಿಳಿದು ಮಧ್ಯಾಹ್ನ ಪುಟ್ ಸ್ಟಾಪೂ ಹೊಡೆಯಿತು. 125ಕ್ಕೆ ಹಾಕಿದ್ದು ಎರಡೂ ಸಲ 127ಕ್ಕೆ ಸಿಕ್ಕಿತು. 4,050 ಹೋಯಿತು. ಮೂರು ಗಂಟೆಗೆ ನೋಡಿದರೆ ನಿಫ್ಟಿ ಬೆಳಿಗ್ಗೆ ಇದ್ದ ಜಾಗಕ್ಕೇ ಬಂದು ತಣ್ಣಗೆ ಕೂತಿತ್ತು.

ಇದಕ್ಕಿಂತ ಭಯ ಬೇರೆ ಇದೆ. ಎನ್‌ಎಸ್‌ಇಯಲ್ಲಿ ಆಪ್ಷನ್‌ಗೆ ಎಸ್‌ಎಲ್-ಎಂ ಆರ್ಡರ್ (ಸ್ಟಾಪ್ ತಲುಪಿದೊಡನೆ ಸಿಕ್ಕ ಬೆಲೆಗೆ ಮುಗಿಸುವುದು) 2021ರಿಂದ ಇಲ್ಲ, ಲಿಮಿಟ್ (ಇಷ್ಟು ಬೆಲೆಯವರೆಗೆ ಮಾತ್ರ ಅನ್ನುವ ಮಿತಿ) ಹಾಕಬೇಕು, ಬೆಲೆ ಅದನ್ನು ದಾಟಿ ಹಾರಿದರೆ ಆರ್ಡರ್ ಅಲ್ಲೇ ಉಳಿಯುತ್ತದೆ. ನನ್ನ 60 ದಿನದಲ್ಲಿ 2024ರ ಜೂನ್ 4ರಂಥ ದಿನ ಬರಲಿಲ್ಲ. ಚುನಾವಣೆ ಫಲಿತಾಂಶದ ಆ ದಿನ ನಿಫ್ಟಿ 1,379 ಪಾಯಿಂಟ್ ಬಿದ್ದಿತ್ತು. ಸ್ಟ್ರಾಡಲ್‌ನ 38 ಹಸಿರು ದಿನ ನೋಡುವಾಗ ಇದೂ ತಲೆಯಲ್ಲಿರಬೇಕು.

ನನ್ನದೇ ಒಂದು ಪೆದ್ದುತನವೂ ಇದೆ. ಎಕ್ಸ್‌ಪೈರಿ (ವಾರದ ಆಪ್ಷನ್ ಮುಗಿಯುವ) ದಿನ ಸ್ಟಾಪ್ ದೊಡ್ಡದಿರಲಿ ಅಂತ ಕೋಡ್‌ನಲ್ಲಿ ಸುಮ್ನೆ ‘ಗುರುವಾರ’ ಅಂತ ಬರೆದಿದ್ದೆ. ಸೆಪ್ಟೆಂಬರ್‌ನಿಂದ ನಿಫ್ಟಿ ಎಕ್ಸ್‌ಪೈರಿ ಮಂಗಳವಾರಕ್ಕೆ ಬಂತು, ನನ್ನ ಕೋಡ್ ಎರಡು ವಾರ ಗುರುವಾರದಲ್ಲೇ ಇತ್ತು.

ಈಗ ಸ್ಟ್ರಾಡಲ್ ನಿಲ್ಲಿಸಿದ್ದೇನೆ. ಒಆರ್‌ಬಿ ಇಟ್ಟುಕೊಂಡಿದ್ದೇನೆ, ಆದರೆ ಮೊದಲ 15 ನಿಮಿಷದ ರೇಂಜ್ ತೀರಾ ದೊಡ್ಡದಿದ್ದರೆ ಆ ದಿನ ಟ್ರೇಡ್ ಇಲ್ಲ. ಟ್ರೇಡ್ ಕಡಿಮೆಯಾದಷ್ಟೂ ಆ ಖರ್ಚು ಉಳಿಯುತ್ತದಲ್ಲ. ಸದ್ಯಕ್ಕೆ ಪೇಪರ್‌ನಲ್ಲೇ (ನಿಜ ಹಣ ಹಾಕದೆ) ಓಡುತ್ತಿದೆ, ಪ್ರತಿ ಟ್ರೇಡ್‌ಗೂ ಮೊದಲೇ ಖರ್ಚು ಕಳೆದು ಬರೆಯುತ್ತಿದ್ದೇನೆ.