ಆಫ್‌ಗ್ರಿಡ್, ಆನ್‌ಗ್ರಿಡ್, ಹೈಬ್ರಿಡ್: ಒಂದೇ ತಾರಸಿಯ ಮೇಲೆ ಮೂರು ಸೋಲಾರ್ ವ್ಯವಸ್ಥೆಗಳ ಹೋಲಿಕೆ

ವಿದ್ಯುತ್ ದರ ಏರಿದಾಗಲೆಲ್ಲ ಸೋಲಾರ್ ಹಾಕಿಸಿದರೆ ಬಿಲ್ ಎಷ್ಟು ಇಳಿದೀತು ಎಂದು ಕೇಳುವವರು ಹೆಚ್ಚುತ್ತಾರೆ. ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಪ್ಯಾನೆಲ್‌ಗಳ ಲೆಕ್ಕದಲ್ಲಿರುತ್ತದೆ: ಇಷ್ಟು ಕಿಲೋವ್ಯಾಟ್ ಹಾಕಿಸಿದರೆ ಇಷ್ಟು ಯೂನಿಟ್ ಉಳಿತಾಯ. ನನ್ನ ಅನುಭವ ಹಾಗಿಲ್ಲ. ಒಂದೇ ತಾರಸಿಯ ಮೇಲಿನ ಅದೇ 3 ಕಿಲೋವ್ಯಾಟ್ ಪ್ಯಾನೆಲ್‌ಗಳನ್ನು ನಾನು ಮೊದಲು ಲೆಡ್-ಆಸಿಡ್ ಬ್ಯಾಟರಿಗಳ ಜೊತೆಗೆ ಆಫ್‌ಗ್ರಿಡ್ ಆಗಿ (ಅಂದರೆ ಗ್ರಿಡ್ ಎಂಬ ಸಾರ್ವಜನಿಕ ವಿದ್ಯುತ್ ಜಾಲಕ್ಕೆ ಕರೆಂಟ್ ಕಳಿಸದೆ), ಅನಂತರ ಬ್ಯಾಟರಿಗಳನ್ನು ತೆಗೆಸಿ ಆನ್‌ಗ್ರಿಡ್ ಆಗಿ, ಕೊನೆಗೆ ಲಿಥಿಯಂ ಬ್ಯಾಟರಿಯೊಂದನ್ನು ಸೇರಿಸಿ ಹೈಬ್ರಿಡ್ ಆಗಿ ಬಳಸಿದ್ದೇನೆ. ಪ್ಯಾನೆಲ್ ಬದಲಾಗಲಿಲ್ಲ, ಮನೆಯ ಬಳಕೆಯೂ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಆದರೂ ಬಿಲ್ಲಿನಲ್ಲಿ ಕಡಿತವಾದ ಯೂನಿಟ್‌ಗಳ ಸಂಖ್ಯೆ ಮೂರೂ ಬಾರಿ ಬೇರೆ ಬೇರೆಯಾಗಿತ್ತು. ಬಿಸಿಲಿನಿಂದ ಹುಟ್ಟಿದ ಯೂನಿಟ್ ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ ಖರ್ಚಾಗುತ್ತದೆ ಎಂಬುದೇ ಉಳಿತಾಯವನ್ನು ನಿರ್ಧರಿಸುತ್ತದೆ.

ಹೋಲಿಕೆಗೆ ಮೊದಲು ಮೂರಕ್ಕೂ ಸಮಾನವಾದ ಒಂದು ಸಂಗತಿಯನ್ನು ಹೇಳಬೇಕು. ಪ್ಯಾನೆಲ್‌ನ ಹಿಂದೆ ಅಂಟಿಸಿದ ವ್ಯಾಟ್ ಸಂಖ್ಯೆಯು ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳುವಾಗ, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆದದ್ದು. ಬಿಸಿಲು ಜೋರಾಗಿರುವ ತಾರಸಿಯ ಮೇಲೆ ಕೋಶದ ಉಷ್ಣತೆ ಸುಲಭವಾಗಿ 60 ಡಿಗ್ರಿ ತಲುಪುತ್ತದೆ. ಸಿಲಿಕಾನ್ ಪ್ಯಾನೆಲ್‌ಗಳು ಪ್ರತಿ ಡಿಗ್ರಿ ಏರಿಕೆಗೆ ಶೇ. 0.3ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಮಧ್ಯಾಹ್ನದ ಹೊತ್ತಿಗೆ ಬಿಸಿಯೊಂದರಿಂದಲೇ ಶೇ. 12ರ ಆಸುಪಾಸಿನ ನಷ್ಟ ಸಹಜ. ಧೂಳು, ತಂತಿ, ಇನ್ವರ್ಟರ್ ಎಲ್ಲವೂ ತಮ್ಮ ಪಾಲನ್ನು ಕಳೆದ ಮೇಲೆ, ಒಳ್ಳೆಯ ಬಿಸಿಲಿನ ದಿನದಲ್ಲಿ 1 ಕಿಲೋವ್ಯಾಟಿಗೆ 4 ಯೂನಿಟ್ ಸಿಕ್ಕರೆ ತೃಪ್ತಿಪಡಬಹುದು. ನನ್ನ 3 ಕಿಲೋವ್ಯಾಟಿಗೆ ಅದು ಸುಮಾರು 12 ಯೂನಿಟ್. ಮೋಡದ ದಿನಗಳಲ್ಲಿ ಇದು ಅರ್ಧಕ್ಕೂ ಕೆಳಗಿಳಿಯುತ್ತದೆ. ಮುಂದಿನ ಲೆಕ್ಕಗಳೆಲ್ಲ ಈ 12 ಯೂನಿಟ್‌ಗಳ ದಿನವನ್ನೇ ಆಧರಿಸಿವೆ.

ಮೊದಲಿನದು ಆಫ್‌ಗ್ರಿಡ್. ಹೆಸರಿಗೆ ಆಫ್‌ಗ್ರಿಡ್ ಎಂದರೂ ಮನೆಗೆ ವಿದ್ಯುತ್ ಸಂಪರ್ಕ ಇದ್ದೇ ಇತ್ತು. ದೀಪ, ಫ್ಯಾನ್, ಟಿವಿ, ಫ್ರಿಜ್‌ಗಳ ಲೈನನ್ನು ಮಾತ್ರ ಸೋಲಾರ್ ಇನ್ವರ್ಟರಿಗೆ ಸೇರಿಸಿದ್ದೆವು. ಬ್ಯಾಟರಿ ಕುಗ್ಗಿದಾಗ ಇನ್ವರ್ಟರ್ ತಾನಾಗಿ ಗ್ರಿಡ್‌ಗೆ ಹೊರಳುತ್ತಿತ್ತು. 48 ವೋಲ್ಟ್, 200 ಆಂಪಿಯರ್-ಗಂಟೆಯ ಬ್ಯಾಟರಿ ಸಾಲು ಎಂದರೆ ಕಾಗದದ ಮೇಲೆ 9.6 ಯೂನಿಟ್. ಲೆಡ್-ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ನಿಜವಾಗಿ ಕೈಗೆ ಸಿಗುವುದು 4.8 ಯೂನಿಟ್. ಅಷ್ಟನ್ನು ಹೊರತೆಗೆಯಲು ಸುಮಾರು 6 ಯೂನಿಟ್ ಒಳಗೆ ತುಂಬಬೇಕು, ಏಕೆಂದರೆ ತುಂಬಿ ತೆಗೆಯುವ ಒಂದು ಸುತ್ತಿನಲ್ಲಿ ಐದರಲ್ಲೊಂದು ಪಾಲು ಶಾಖವಾಗಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ಸೋರಿಕೆ ಬೇರೆಡೆ ಇದೆ, ಮತ್ತು ಅದು ಮೀಟರಿನಲ್ಲಿ ಕಾಣುವುದಿಲ್ಲ. ಲೆಡ್-ಆಸಿಡ್ ಬ್ಯಾಟರಿ ಶೇ. 80ರವರೆಗೆ ಚುರುಕಾಗಿ ತುಂಬಿಕೊಳ್ಳುತ್ತದೆ. ಆಮೇಲಿನ ಪಾಲಿಗೆ ವೋಲ್ಟೇಜನ್ನು ಸ್ಥಿರವಾಗಿಟ್ಟು ಕರೆಂಟನ್ನು ಇಳಿಸುತ್ತಾ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಬೆಳಿಗ್ಗೆಯ ಬಿಸಿಲಿನಲ್ಲಿ ಬ್ಯಾಟರಿ ಬಹುಪಾಲು ತುಂಬಿರುತ್ತದೆ, ಬಿಸಿಲು ನೆತ್ತಿಗೇರುವ ವೇಳೆಗೆ ಬ್ಯಾಟರಿ ತುಂಬುವುದನ್ನು ನಿಯಂತ್ರಿಸುವ ಚಾರ್ಜ್ ಕಂಟ್ರೋಲರ್ ಪ್ಯಾನೆಲ್‌ಗಳ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಉಂಡು ಮುಗಿಸಿದವರ ಎಲೆಗೆ ಮತ್ತೆ ಬಡಿಸಲು ನಿಂತಂತೆ, ದಿನದ ಅತ್ಯುತ್ತಮ ಬಿಸಿಲಿನಲ್ಲಿ ಪ್ಯಾನೆಲ್‌ಗಳಿಗೆ ಕೆಲಸವೇ ಇರುವುದಿಲ್ಲ. ಹಗಲಿನಲ್ಲಿ ನೇರವಾಗಿ ಬಳಸಿದ್ದು, ರಾತ್ರಿ ಬ್ಯಾಟರಿಯಿಂದ ಪಡೆದದ್ದು ಎರಡನ್ನೂ ಕೂಡಿಸಿ, ಇನ್ವರ್ಟರ್ ತಾನೇ ನುಂಗುವುದನ್ನು ಕಳೆದರೆ, ಬಿಲ್ಲಿನಿಂದ ದಿನಕ್ಕೆ 6 ಯೂನಿಟ್‌ಗಿಂತ ಹೆಚ್ಚು ಇಳಿದದ್ದು ಅಪರೂಪ. ಅಂದರೆ ಪ್ಯಾನೆಲ್‌ಗಳು ಕೊಡಬಲ್ಲದ್ದರಲ್ಲಿ ಅರ್ಧ ಮಾತ್ರ.

ಬ್ಯಾಟರಿಯ ಬೆಲೆಯನ್ನು ಅದು ತನ್ನ ಆಯುಷ್ಯದಲ್ಲಿ ಒಟ್ಟು ಕೊಡುವ ಯೂನಿಟ್‌ಗಳಿಂದ ಭಾಗಿಸಿ ನೋಡುವುದು ಒಳ್ಳೆಯದು. ಅರ್ಧದವರೆಗೆ ಇಳಿಸುವ 1,200 ಸುತ್ತುಗಳು ಬಂದರೆ, 4.8ರಂತೆ 5,760 ಯೂನಿಟ್. ಬ್ಯಾಟರಿ ಸಾಲಿನ ಬೆಲೆಯನ್ನು 5,760ರಿಂದ ಭಾಗಿಸಿದಾಗ ಬರುವ ಮೊತ್ತವು ಒಂದು ಯೂನಿಟನ್ನು ಹಗಲಿನಿಂದ ರಾತ್ರಿಗೆ ಸಾಗಿಸುವ ಕೂಲಿ. ಆ ಕೂಲಿ ಗ್ರಿಡ್‌ನ ಯೂನಿಟ್ ದರದ ಹತ್ತಿರ ಬಂದರೂ ಬಿಲ್ ಉಳಿಸುವ ಮಾತು ಅಲ್ಲಿಗೆ ಮುಗಿಯಿತು. ಡಿಸ್ಟಿಲ್ಡ್ ವಾಟರ್ ತುಂಬುವುದು, ಟರ್ಮಿನಲ್‌ಗಳ ಮೇಲಿನ ಹುಡಿಯನ್ನು ಒರೆಸುವುದು, ಗಾಳಿಯಾಡುವ ಜಾಗವನ್ನು ಬಿಟ್ಟುಕೊಡುವುದು ಇವೆಲ್ಲ ಬೇರೆ. ಆದರೂ ಕರೆಂಟ್ ಹೋದದ್ದು ಮನೆಯವರಿಗೆ ತಿಳಿಯುತ್ತಲೇ ಇರಲಿಲ್ಲ ಎಂಬ ಒಂದು ಗುಣವನ್ನು ಅಲ್ಲಗಳೆಯಲಾರೆ. ಗ್ರಿಡ್ ತಲುಪದ ತೋಟದ ಮನೆಗೆ, ಗಂಟೆಗಟ್ಟಲೆ ಕರೆಂಟ್ ಇಲ್ಲದ ಊರಿಗೆ ಇದರಿಂದ ಪ್ರಯೋಜನವಿದೆ. ಬಿಲ್ ಇಳಿಸುವ ಉದ್ದೇಶಕ್ಕೆ ಇದು ತಕ್ಕದ್ದಲ್ಲ.

ಆನ್‌ಗ್ರಿಡ್ ವ್ಯವಸ್ಥೆಯಲ್ಲಿ ಬ್ಯಾಟರಿಯೇ ಇಲ್ಲ. ಇನ್ವರ್ಟರ್ ಗ್ರಿಡ್‌ನ ತರಂಗಕ್ಕೆ ತನ್ನ ತರಂಗವನ್ನು ಹೊಂದಿಸಿಕೊಂಡು ಅದರ ಜೊತೆಗೇ ನಡೆಯುತ್ತದೆ. ಒಳ್ಳೆಯ ಇನ್ವರ್ಟರ್‌ಗಳ ದಕ್ಷತೆ ಶೇ. 96ರಿಂದ 98. ಮನೆಗೆ ಬೇಕಾದದ್ದನ್ನು ಮನೆ ಎಳೆದುಕೊಳ್ಳುತ್ತದೆ, ಹೆಚ್ಚಾದದ್ದು ಮೀಟರಿನ ಮೂಲಕ ಹೊರಕ್ಕೆ ಹರಿಯುತ್ತದೆ. ಪ್ಯಾನೆಲ್‌ಗಳು ಮಧ್ಯಾಹ್ನ ಸುಮ್ಮನೆ ಕೂರುವ ಪ್ರಸಂಗವೇ ಇಲ್ಲವಾದ್ದರಿಂದ 12 ಯೂನಿಟ್‌ಗಳೂ ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಬರುತ್ತವೆ. ಅದು ಯಾವ ಲೆಕ್ಕ ಎಂಬುದನ್ನು ಸಂಪರ್ಕದ ಅರ್ಜಿ ಹಾಕುವ ಮೊದಲೇ ಓದಿಕೊಳ್ಳಬೇಕು.

ನನ್ನ ಮನೆಯಲ್ಲಿ ಹುಟ್ಟಿದ 12ರಲ್ಲಿ 5 ಯೂನಿಟ್ ಹಗಲಿನಲ್ಲೇ ಖರ್ಚಾಗಿ 7 ಯೂನಿಟ್ ಹೊರಹೋಗುತ್ತವೆ. ನೆಟ್ ಮೀಟರಿಂಗ್ ಇದ್ದರೆ ಹೊರಹೋದ ಯೂನಿಟ್ ರಾತ್ರಿ ಒಳಬಂದ ಯೂನಿಟ್‌ಗೆ ಸರಿಸಮವಾಗಿ ವಜಾ ಆಗುತ್ತದೆ, ಹಾಗಾಗಿ ಬಿಲ್ಲಿನಿಂದ ಇಳಿಯುವುದು ಪೂರ್ತಿ 12. ನೆಟ್ ಬಿಲ್ಲಿಂಗ್ ಇದ್ದರೆ ಹೊರಹೋದದ್ದಕ್ಕೆ ಬೇರೆಯೇ, ಸಾಮಾನ್ಯವಾಗಿ ಕಡಿಮೆ ದರ ಸಿಗುತ್ತದೆ. ಆ ದರ ಕೊಳ್ಳುವ ದರದ ಮೂರನೇ ಒಂದು ಭಾಗ ಎಂದು ಹಿಡಿದರೆ, 7 ಯೂನಿಟ್‌ಗಳ ಬೆಲೆ ಎರಡೂ ಕಾಲು ಯೂನಿಟ್‌ಗೆ ಇಳಿದು, ಒಟ್ಟು ಲಾಭ ಸುಮಾರು 7.3 ಯೂನಿಟ್‌ಗೆ ನಿಲ್ಲುತ್ತದೆ. ಗ್ರಾಸ್ ಮೀಟರಿಂಗ್‌ನಲ್ಲಿ ಹುಟ್ಟಿದ್ದೆಲ್ಲವೂ ಮಾರಾಟ, ಬಳಸಿದ್ದೆಲ್ಲವೂ ಖರೀದಿ. ಅಲ್ಲಿ ಮಾರುವ ದರವೊಂದೇ ಮುಖ್ಯ. ಈ ನಿಯಮಗಳು ಶಾಶ್ವತವೂ ಅಲ್ಲ. ಮೇಲ್ಛಾವಣಿ ಸೌರಶಕ್ತಿಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲಿಯೇ 2023ರ ಏಪ್ರಿಲ್‌ನಿಂದ ಹೊಸ ಅರ್ಜಿದಾರರನ್ನು ನೆಟ್ ಮೀಟರಿಂಗ್‌ನಿಂದ ನೆಟ್ ಬಿಲ್ಲಿಂಗ್‌ಗೆ ಬದಲಾಯಿಸಲಾಯಿತು, ಹೊರಗೆ ಕಳಿಸಿದ ಯೂನಿಟ್‌ನ ಬೆಲೆ ಅಲ್ಲಿ ಬಹಳವಾಗಿ ಕುಸಿಯಿತು. ಇಂದಿನ ನಿಯಮವನ್ನೇ 25 ವರ್ಷಕ್ಕೂ ಹಾಸಿ ಲೆಕ್ಕ ಹಾಕಿ ತೋರಿಸುವ ಮಾರಾಟಗಾರರ ಪಟ್ಟಿಯನ್ನು ನಾನು ನಂಬುವುದಿಲ್ಲ.

ಸ್ಲ್ಯಾಬ್ ದರ, ಅಂದರೆ ಬಳಕೆ ಏರಿದಂತೆ ಯೂನಿಟ್ ದರವೂ ಹಂತಹಂತವಾಗಿ ಏರುವ ಪದ್ಧತಿ ಇರುವಲ್ಲಿ ಇನ್ನೊಂದು ಅನುಕೂಲವಿದೆ. ಬಳಕೆ ಇಳಿದಾಗ ಮೊದಲು ಉದುರುವುದು ತುದಿಯ, ಅಂದರೆ ಅತಿ ದುಬಾರಿ ಸ್ಲ್ಯಾಬ್‌ನ ಯೂನಿಟ್‌ಗಳು. ಆದ್ದರಿಂದ ಮೊದಲ 1 ಕಿಲೋವ್ಯಾಟ್ ಪ್ಯಾನೆಲ್ ಉಳಿಸುವಷ್ಟು ಹಣವನ್ನು ಮೂರನೆಯ ಕಿಲೋವ್ಯಾಟ್ ಉಳಿಸುವುದಿಲ್ಲ. ನಿಗದಿತ ಶುಲ್ಕವಂತೂ ಎಷ್ಟು ಪ್ಯಾನೆಲ್ ಹಾಕಿದರೂ ಕರಗುವುದಿಲ್ಲ. ಬಿಲ್ ಸೊನ್ನೆಯಾಗುತ್ತದೆ ಎಂಬ ಜಾಹೀರಾತನ್ನು ಓದುವಾಗ ಇದು ನೆನಪಿನಲ್ಲಿರಲಿ.

ಆನ್‌ಗ್ರಿಡ್‌ನ ಎರಡು ಕೊರತೆಗಳು ನನಗೆ ಚೆನ್ನಾಗಿ ಪರಿಚಯವಾದವು. ಕರೆಂಟ್ ಹೋದೊಡನೆ ಇನ್ವರ್ಟರ್ ಕೂಡ ನಿಂತುಬಿಡುತ್ತದೆ. ಸತ್ತ ಲೈನ್ ಎಂದು ತಿಳಿದು ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಯಾರದೋ ತಾರಸಿಯಿಂದ ಬಂದ ಕರೆಂಟ್ ತಗುಲಬಾರದು ಎಂಬ ಕಾರಣಕ್ಕೆ ಇದು ಕಡ್ಡಾಯ, ಮತ್ತು ಸರಿಯಾದದ್ದು. ಆದರೂ ಸುಡುಬಿಸಿಲಿನಲ್ಲಿ ಪ್ಯಾನೆಲ್‌ಗಳ ಕೆಳಗೇ ಫ್ಯಾನ್ ಇಲ್ಲದೆ ಕೂರುವುದು ಮನೆಮಂದಿಗೆ ಒಪ್ಪಿಗೆಯಾಗುವ ಸಂಗತಿಯಲ್ಲ. ಎರಡನೆಯದು ವೋಲ್ಟೇಜ್. ಮಧ್ಯಾಹ್ನ ಲೈನ್ ವೋಲ್ಟೇಜ್ ಮೊದಲೇ ಏರಿರುವಾಗ ಇನ್ವರ್ಟರ್ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ, ಮಿತಿ ದಾಟಿದೊಡನೆ ತಾನೇ ಕಳಚಿಕೊಳ್ಳುತ್ತದೆ. ಇನ್ವರ್ಟರ್‌ನಿಂದ ಮುಖ್ಯ ಬೋರ್ಡಿನವರೆಗಿನ ಉದ್ದನೆಯ ಕೇಬಲನ್ನು ದಪ್ಪನೆಯದಕ್ಕೆ ಬದಲಾಯಿಸಿದ ಮೇಲೆ ನಮ್ಮಲ್ಲಿ ಈ ಕಾಟ ಬಹುಮಟ್ಟಿಗೆ ನಿಂತಿತು.

ಹೈಬ್ರಿಡ್ ಎಂದರೆ ಗ್ರಿಡ್ ಜೊತೆಗೂ ನಡೆಯುವ, ಗ್ರಿಡ್ ಇಲ್ಲದಿದ್ದರೂ ನಡೆಯುವ ಇನ್ವರ್ಟರ್. ಜೊತೆಗೆ ಹಾಕಿದ್ದು 5 ಯೂನಿಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಇದನ್ನು ಶೇ. 90ರವರೆಗೆ ಬರಿದು ಮಾಡಬಹುದು. ಹಾಗಾಗಿ ಕಾಗದದ ಮೇಲಿನ ಅಳತೆಯಲ್ಲಿ ಅರ್ಧವಿದ್ದರೂ ಕೈಗೆ ಸಿಗುವುದು ಹಳೆಯ ಬ್ಯಾಟರಿ ಸಾಲಿಗೆ ಹೆಚ್ಚುಕಡಿಮೆ ಸಮ. ತುಂಬಿ ತೆಗೆಯುವಾಗಿನ ನಷ್ಟ ಹತ್ತರಲ್ಲೊಂದು ಪಾಲು. 4,000 ಸುತ್ತುಗಳಿಗೆ ಇದೇ ಭಾಗಾಕಾರ ಮಾಡಿದರೆ 4.5ರಂತೆ 18,000 ಯೂನಿಟ್ ಬರುತ್ತದೆ, ಸಾಗಣೆಯ ಕೂಲಿ ಅಷ್ಟರಮಟ್ಟಿಗೆ ಇಳಿಯುತ್ತದೆ. ನೀರು ತುಂಬುವ ಗೊಡವೆಯಿಲ್ಲ. ಕರೆಂಟ್ ಹೋದಾಗ ದೀಪ, ಫ್ಯಾನ್, ಫ್ರಿಜ್ ಮತ್ತು ರೌಟರ್ ಇರುವ ಪ್ರತ್ಯೇಕ ಬೋರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿಗೆ ಹೊರಳುತ್ತದೆ.

ಆದರೆ ಬಿಲ್ಲಿನ ವಿಷಯಕ್ಕೆ ಬಂದರೆ ಹೈಬ್ರಿಡ್ ಎಲ್ಲ ಕಡೆಯೂ ಆನ್‌ಗ್ರಿಡ್‌ಗಿಂತ ಮೇಲು ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ನನ್ನ ಹೈಬ್ರಿಡ್ ಇನ್ವರ್ಟರ್ ಏನೂ ಕೆಲಸವಿಲ್ಲದಾಗಲೂ ಸುಮಾರು 50 ವ್ಯಾಟ್ ಎಳೆಯುತ್ತದೆ. ಇಪ್ಪತ್ತನಾಲ್ಕು ಗಂಟೆಗೆ ಅದು 1.2 ಯೂನಿಟ್. ನೆಟ್ ಮೀಟರಿಂಗ್ ಇರುವಲ್ಲಿ ಗ್ರಿಡ್ಡೇ ನಷ್ಟವಿಲ್ಲದ ಬ್ಯಾಟರಿಯಾಗಿ ಒದಗುವುದರಿಂದ, ಸ್ವಂತ ಬ್ಯಾಟರಿಯನ್ನು ದಿನವೂ ಓಡಿಸಿದರೆ ಅದರೊಳಗಿನ ಅರ್ಧ ಯೂನಿಟ್ ನಷ್ಟವೂ ಸೇರಿ 12ರ ಬದಲು 10.3 ಯೂನಿಟ್ ಮಾತ್ರ ಬಿಲ್ಲಿನಿಂದ ಇಳಿಯುತ್ತದೆ. ನೆಟ್ ಬಿಲ್ಲಿಂಗ್ ಇರುವಲ್ಲಿ ಇದು ತಿರುವುಮುರುವು: ಕಡಿಮೆ ಬೆಲೆಗೆ ಹೊರಹೋಗುತ್ತಿದ್ದ 7ರಲ್ಲಿ 5 ಯೂನಿಟ್ ಬ್ಯಾಟರಿಗೆ ಹೋಗಿ, ರಾತ್ರಿ 4.5 ಯೂನಿಟ್ ಆಗಿ ಮರಳಿ ಪೂರ್ಣ ದರದ ಖರೀದಿಯನ್ನು ತಪ್ಪಿಸುವುದರಿಂದ, ಇನ್ವರ್ಟರ್ ನುಂಗುವುದನ್ನು ಕಳೆದ ಮೇಲೂ ಲಾಭ ಸುಮಾರು 9 ಯೂನಿಟ್, ಆನ್‌ಗ್ರಿಡ್‌ನ 7.3ಕ್ಕಿಂತ ಸ್ಪಷ್ಟವಾಗಿ ಹೆಚ್ಚು. ದಿನದ ಆ ಸುಮಾರು 1.7 ಯೂನಿಟ್ ವ್ಯತ್ಯಾಸ ಬ್ಯಾಟರಿಯ ಬೆಲೆಯನ್ನು ಅದರ ಆಯುಷ್ಯದೊಳಗೆ ತೀರಿಸುತ್ತದೆಯೇ ಎಂಬುದು ಆಯಾ ಊರಿನ ದರದ ಮೇಲೆ ನಿಂತ ಪ್ರಶ್ನೆ. ಸಂಜೆಯ ಹೊತ್ತಿಗೆ ದರ ಏರಿಸುವ ಕಡೆಗಳಲ್ಲಿ ತೀರಿಸುವ ಸಾಧ್ಯತೆ ಹೆಚ್ಚು.

ಇದನ್ನು ಕಂಡುಕೊಂಡ ಮೇಲೆ ನಾನು ಬ್ಯಾಟರಿಯನ್ನು ದಿನವೂ ದುಡಿಸುವುದನ್ನು ನಿಲ್ಲಿಸಿದೆ. ನಮ್ಮ ಸಂಪರ್ಕ ನೆಟ್ ಮೀಟರಿಂಗ್‌ನದಾದ್ದರಿಂದ, ಸೆಟ್ಟಿಂಗ್‌ನಲ್ಲಿ ಬಹುಪಾಲನ್ನು ಮೀಸಲಾಗಿಟ್ಟು, ಕರೆಂಟ್ ಹೋದಾಗ ಮಾತ್ರ ಬಳಸುವಂತೆ ಮಾಡಿದ್ದೇನೆ. ಬ್ಯಾಟರಿಗೆ ಕೊಟ್ಟ ಹಣವನ್ನು ನಾನು ಬಿಲ್ಲಿನ ಖಾತೆಯಲ್ಲಿ ಬರೆಯುವುದಿಲ್ಲ, ನೆಮ್ಮದಿಯ ಖಾತೆಯಲ್ಲಿ ಬರೆಯುತ್ತೇನೆ.

ನೆರಳಿನ ವಿಷಯ ಮೂರಕ್ಕೂ ಒಂದೇ. ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ನಷ್ಟ ಆ ನೆರಳಿನ ಅಳತೆಗಿಂತ ದೊಡ್ಡದಾಗಿರುತ್ತದೆ. ನೆರಳು ತಪ್ಪದ ತಾರಸಿಗೆ ಮೈಕ್ರೋ ಇನ್ವರ್ಟರ್, ಅಂದರೆ ಪ್ಯಾನೆಲ್‌ಗೊಂದರಂತೆ ಕೂರಿಸುವ ಚಿಕ್ಕ ಇನ್ವರ್ಟರ್ ಸರಿ. ಬಯಲಾದ ತಾರಸಿಗೆ ಆ ಹೆಚ್ಚಿನ ಖರ್ಚು ಬೇಡ.

ಈ ಮೂರರ ಪೈಪೋಟಿಯಲ್ಲಿ ಜನ ಮರೆಯುವ ನಾಲ್ಕನೆಯದೊಂದಿದೆ: ಸೋಲಾರ್ ವಾಟರ್ ಹೀಟರ್. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಗೀಸರಿಗೆ ಸುಮಾರು 4.65 ಯೂನಿಟ್ ಬೇಕು. ಅಷ್ಟನ್ನು ಪ್ಯಾನೆಲ್‌ಗಳಿಂದ ಪಡೆಯಲು 1 ಕಿಲೋವ್ಯಾಟಿನ ಇಡೀ ದಿನದ ದುಡಿಮೆಯೂ ಸಾಲದು; ಬಿಸಿಲನ್ನು ನೇರವಾಗಿ ಶಾಖವಾಗಿಯೇ ಹಿಡಿಯುವ ಎರಡು ಚದರ ಮೀಟರಿನ ಕಲೆಕ್ಟರ್ ಒಳ್ಳೆಯ ಬಿಸಿಲಿನಲ್ಲಿ ಅದನ್ನು ಮಾಡಿ ಮುಗಿಸುತ್ತದೆ. ತಾರಸಿ ಚಿಕ್ಕದು, ಬಿಸಿನೀರಿನ ಬಳಕೆ ಹೆಚ್ಚು ಎನ್ನುವವರು ಪ್ಯಾನೆಲ್‌ಗೂ ಮೊದಲು ಇದನ್ನೇ ಹಾಕಿಸುವುದು ಜಾಣತನ.

ನೆಟ್ ಮೀಟರಿಂಗ್ ಸಿಗುವವರು ಆನ್‌ಗ್ರಿಡ್ಡನ್ನೇ ಆರಿಸಿಕೊಂಡು, ಮುಂದೆ ಬ್ಯಾಟರಿ ಸೇರಿಸಲು ಬರುವ ಇನ್ವರ್ಟರ್ ಬೇಕೇ ಎಂದು ಮಾತ್ರ ಯೋಚಿಸಲಿ. ನೆಟ್ ಬಿಲ್ಲಿಂಗ್‌ನವರು ಬ್ಯಾಟರಿಯ ಮಾತೆತ್ತುವ ಮೊದಲು ವಾಷಿಂಗ್ ಮಷಿನ್, ನೀರಿನ ಪಂಪ್, ಇಸ್ತ್ರಿಗಳನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ನಡುವೆ ಒಂದಾದ ಮೇಲೊಂದರಂತೆ ಓಡಿಸಿ ನೋಡಲಿ. ಹಾಗೆ ಹಗಲಿಗೆ ಸರಿಸಿದ ಪ್ರತಿ ಯೂನಿಟ್ ಬ್ಯಾಟರಿಯ ಕೂಲಿಯಿಲ್ಲದೆ ಪೂರ್ಣ ದರ ಉಳಿಸುತ್ತದೆ. ಆಮೇಲೂ ಬ್ಯಾಟರಿ ಬೇಕೆನಿಸಿದರೆ, ಒಂದು ವಾರ ಸಂಜೆ 6ಕ್ಕೂ ಮರುದಿನ ಬೆಳಿಗ್ಗೆ 7ಕ್ಕೂ ಮೀಟರ್ ರೀಡಿಂಗ್ ಬರೆದಿಟ್ಟು, ಆ ವ್ಯತ್ಯಾಸಕ್ಕಿಂತ ದೊಡ್ಡ ಬ್ಯಾಟರಿಯನ್ನು ಕೊಳ್ಳದಿರಲಿ.