ಡಿಸೆಂಬರ್‌ನಲ್ಲಿ ಕಾಫಿ ಹೂ ತೋರಿಸಿದವನಿಗೆ ದುಡ್ಡು ಹಾಕಿದೆ

32,000 ರೂಪಾಯಿ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬಾಯಿ ಬರಲ್ಲ. ಮೂರು ಸಲ ಹೋಯ್ತು, ಮೂರು ಸಲವೂ ನನ್ನ ಕೈಯಾರೆ.

ಈ ಸಲ ಕ್ರಿಸ್‌ಮಸ್ ಗುರುವಾರ ಬಂತಲ್ಲ, ಶುಕ್ರವಾರ ಒಂದು ರಜೆ ಹಾಕಿದ್ರೆ ನಾಲ್ಕು ದಿನ. ಅರ್ಧ ಬೆಂಗಳೂರು ಇದೇ ಲೆಕ್ಕ ಹಾಕಿತ್ತು. ನನ್ನ ಹೆಂಡತಿ ಮಾತ್ರ "ಆ ನೂಕುನುಗ್ಗಲಲ್ಲಿ ಎಲ್ಲೂ ಬೇಡ ಕಣ್ರೀ, ಕೇಕ್ ತಂದು ತಿಂದು ಮನೇಲೇ ಬಿದ್ಕೊಳ್ಳೋಣ" ಅಂದಿದ್ಲು. ನಾನು ಕೇಳ್ಬೇಕಲ್ಲ. ಚಿಕ್ಕಮಗಳೂರಲ್ಲಿ ನಮಗೆ ಗೊತ್ತಿದ್ದ ಹೋಂಸ್ಟೇ ಎಲ್ಲ ಫುಲ್. ಆಗ ಫೋನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: ಆಲ್ದೂರು ಹತ್ರ ತೋಟದ ಮನೆ, ಮೂರು ಹೊತ್ತು ಊಟ ಸೇರಿ ದಿನಕ್ಕೆ ತಲೆಗೆ 2,200, ಮಕ್ಕಳಿಗೆ ಅರ್ಧ. ಬೇರೆಯವರು ನಾಲ್ಕು ಸಾವಿರ ಕೇಳ್ತಿದ್ರು. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಯಾಯ್ತು.

ಜಾಹೀರಾತು ಹಾಕಿದ್ದ ಆ ಮನುಷ್ಯನ ಮಾತು ಕೇಳಬೇಕಿತ್ತು ನೀವು. ಅಪ್ಪಟ ಮಲೆನಾಡು. "ನಿಮ್ದೇ ಮನೆ ಅಂದ್ಕಂಡು ಬನ್ನಿ ಮಾರಾಯ್ರೇ, ಅಕ್ಕಿ ರೊಟ್ಟಿ ಎಷ್ಟು ಬೇಕೋ ಅಷ್ಟು" ಅಂದ. ನಾಲ್ಕು ಜನ ದೊಡ್ಡವರು, ಎರಡು ಮಕ್ಕಳು, ಎರಡು ರಾತ್ರಿ: 22,000. ಅರ್ಧ ಹಾಕಿದೆ. ಮಾರನೇ ದಿನ "ಸೀಸನ್ ಟೈಮು, ಡೆಪಾಸಿಟ್ ಐದು ಸಾವಿರ, ಹೋಗುವಾಗ ವಾಪಸ್" ಅಂದ. ಅದನ್ನೂ ಹಾಕಿದೆ. "ಈಗ ತಾನೇ ತೆಗೆದಿದ್ದು ಸರ್" ಅಂತ ತೋಟದ ವಿಡಿಯೋ ಕಳಿಸಿದ. ಗಿಡದ ತುಂಬಾ ಮಲ್ಲಿಗೆ ಚೆಲ್ಲಿದ ಹಾಗೆ ಬಿಳಿ ಹೂವು. ಮನೆಯವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ.

ನಮ್ಮತ್ತೆ ಕೊಪ್ಪದ ಕಡೆಯವರು. ಕನ್ನಡಕ ಏರಿಸಿಕೊಂಡು ನೋಡಿ "ಕಾಫಿ ಹೂವಾ? ಈಗ ಹಣ್ಣು ಕೊಯ್ಯೋ ಕಾಲ ಅಲ್ವಾ ಅಳಿಯಂದ್ರೇ. ಹೂವಾಗೋದು ಮಾರ್ಚಲ್ಲಿ ಒಂದು ಮಳೆ ಬಿದ್ಮೇಲೆ" ಅಂದ್ರು. ನಾನು ಏನಂದೆ ಗೊತ್ತಾ? "ಹವಾಮಾನ ಬದಲಾಗಿದೆ ಅತ್ತೆ" ಅಂದೆ. ಹವಾಮಾನ ಬದಲಾಗಿದೆಯಂತೆ! ಈಗ ನಮ್ಮ ಮನೇಲಿ ಉಪ್ಪು ಜಾಸ್ತಿ ಆದ್ರೂ ಇದೇ ಮಾತು.

ಬೆಳಿಗ್ಗೆ ಐದಕ್ಕೆ ಹೊರಟ್ವಿ. ನೆಲಮಂಗಲ ದಾಟೋದ್ರಲ್ಲೇ ಬೆಳಕು ಹರೀತು. ಹಾಸನ, ಬೇಲೂರು, ಚಿಕ್ಕಮಗಳೂರು ದಾಟಿ ಅವನು ಕಳಿಸಿದ ಲೊಕೇಶನ್‌ಗೆ ಹೋದ್ರೆ ಗೇಟಲ್ಲಿ ನಾಯಿ, ಅಂಗಳದಲ್ಲಿ ಒಣಗೋಕೆ ಹರವಿದ ಕಾಫಿ. ಹಣ್ಣು, ಹೂವಲ್ಲ. ತೋಟದ ಯಜಮಾನರು ಹೊರಗೆ ಬಂದು ನಮ್ಮ ಲಗೇಜ್ ನೋಡಿದವರೇ "ನೀವೂ ಅಡ್ವಾನ್ಸ್ ಕೊಟ್ಟು ಬಂದವ್ರಾ?" ಅಂದ್ರು. ಆ "ನೀವೂ" ಅನ್ನೋದು ಇವತ್ತಿಗೂ ಕಿವೀಲಿದೆ. ಪಾಪ, ಕೂರಿಸಿ ಕಾಫಿ ಕೊಟ್ರು. ಬೆಳಿಗ್ಗೆ ತುಮಕೂರಿಂದ ಒಂದು ಸಂಸಾರ ಬಂದು ಹೋಗಿತ್ತಂತೆ.

ಫೋನ್ ಮಾಡಿದೆ. ಎತ್ತಿದ! ಅದೇ ನೋಡಿ, ಎತ್ತಿದ್ದಕ್ಕೆ ಮತ್ತೆ ನಂಬಿದೆ. "ಅಯ್ಯೋ, ನಮ್ ಹುಡುಗ ತಪ್ಪು ಲೊಕೇಶನ್ ಕಳ್ಸಿದಾನೆ, ಅಲ್ಲೇ ಇರಿ, ಜೀಪ್ ಕಳಿಸ್ತೀನಿ." ಒಂದೂವರೆ ಗಂಟೆ ಕಾದ್ವಿ. ಜೀಪಿಲ್ಲ. ಆಮೇಲೆ "ಮೋಟರ್ ಸುಟ್ಟೋಗಿದೆ ಸರ್, ನೀರಿಲ್ಲ. ನಿಮ್ ದುಡ್ಡು 16,000 ಪೂರ್ತಿ ವಾಪಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದ.

ಒತ್ತಿದೆ. ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಪಿನ್ ಒತ್ತಿದ್ರೆ ಹೋಗೋದೇ, ಇದು ನಮ್ಮ ಬೀದಿ ಸೊಪ್ಪಿನಮ್ಮನಿಗೂ ಗೊತ್ತು. ನಾನು ಅಕೌಂಟ್ಸ್ ಕೆಲಸದವನು. ಬಿಸಿಲು, ಮಕ್ಕಳು ಹಸಿವು ಅಂತ ಅಳ್ತಿದ್ದಾರೆ, ಎಲ್ಲರೂ ನನ್ನ ಮುಖಾನೇ ನೋಡ್ತಿದ್ದಾರೆ... ಒತ್ತಿಬಿಟ್ಟೆ. ಇನ್ನೊಂದು 16,000 ಹೋಯ್ತು.

"ಸರ್ವರ್ ಪ್ರಾಬ್ಲಂ ಸರ್, ಇನ್ನೊಂದ್ಸಲ ಮಾಡಿ, ಎರಡೂ ಒಟ್ಟಿಗೆ ಬರುತ್ತೆ." ಇಷ್ಟಾದ ಮೇಲೂ! ನಾನು ಬಾಯಿಗೆ ಬಂದಂಗೆ ಬೈದೆ. ಅವನು ತಣ್ಣಗೆ "ಹಬ್ಬದ ದಿನ ಹಾಗೆಲ್ಲ ಬೈಬಾರ್ದು ಸರ್, ಹ್ಯಾಪಿ ಕ್ರಿಸ್‌ಮಸ್" ಅಂತ ಹೇಳಿ ಬ್ಲಾಕ್ ಮಾಡಿದ.

ಕಾರಲ್ಲೇ ಕೂತು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಬ್ಯಾಂಕಿಗೂ ಹೇಳಿದೆ. ದುಡ್ಡು ಇನ್ನೂ ಬಂದಿಲ್ಲ. ಚಿಕ್ಕಮಗಳೂರಲ್ಲಿ ರೂಮ್ ಸಿಗಲಿಲ್ಲ, ಹಾಸನದ ಒಂದು ಲಾಡ್ಜಲ್ಲಿ ಆರು ಜನ ಒಂದೇ ರೂಮಲ್ಲಿ ಮಲಗಿ ಬೆಳಿಗ್ಗೆ ವಾಪಸ್ ಬಂದ್ವಿ. ಮುಳ್ಳಯ್ಯನಗಿರಿಗೆ ಆನ್‌ಲೈನಲ್ಲಿ ಗಾಡಿ ಸ್ಲಾಟ್ ಬುಕ್ ಮಾಡಿದ್ದೆ, ಇಡೀ ಪ್ರವಾಸದಲ್ಲಿ ಅಸಲಿ ಅಂತ ಇದ್ದಿದ್ದು ಅದೊಂದೇ, ಅದೂ ದಂಡ.

ಹೋಗೋರು ಹೋಗಿ. ಆದ್ರೆ ಪ್ರವಾಸೋದ್ಯಮ ಇಲಾಖೆ ನೋಂದಣಿ ಇದೆಯಾ ಅಂತ ಕೇಳಿ, ಆ ಊರಲ್ಲಿ ಗೊತ್ತಿರೋರು ಒಬ್ಬರಿದ್ರೆ ವಿಚಾರಿಸಿ, ವಿಡಿಯೋ ಕಾಲ್ ಮಾಡಿ ಮನೆ ತೋರಿಸು ಅನ್ನಿ. ಮೋಸ ಹೋದ್ರೆ ನಾಚ್ಕೊಂಡು ಕೂರದೆ ತಕ್ಷಣ 1930. ಮತ್ತೆ ನಿಮ್ಮ ಅತ್ತೆ ಏನಾದ್ರೂ ಹೇಳಿದ್ರೆ ದಯವಿಟ್ಟು ಕೇಳಿ.

ನಿನ್ನೆ ರಾತ್ರಿ ಹೆಂಡತಿ ಫೋನಲ್ಲಿ ನೋಡಿದೆ. ಅದೇ ಜಾಹೀರಾತು ಓಡ್ತಿದೆ, ಅದೇ ಬಿಳಿ ಹೂವು. "ಹೊಸ ವರ್ಷಕ್ಕೆ ಇನ್ನು ಎರಡೇ ರೂಮು" ಅಂತಿದೆ.