ಸೋಮ್ ಯುದ್ಧಭೂಮಿ ಟೂರ್: ಹಳೇ ಸ್ಯಾಪರ್ ಒಬ್ಬನ ಮಾರ್ಕ್ಸು

ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ಸ್ಯಾಪರ್ (ಎಂಜಿನಿಯರ್ ಸೈನಿಕ) ಆಗಿ ಸರ್ವಿಸ್ ಮುಗಿಸಿದವನು ನಾನು. ಮಣ್ಣು ಅಗೆಯೋದು, ಮೈನ್ ಹೂಳೋದು, ಸೇತುವೆ ಕಟ್ಟೋದು ನಮ್ಮ ಕಸುಬು. ಫ್ರಾನ್ಸಿನಲ್ಲಿ ಮೊದಲ ಮಹಾಯುದ್ಧದ ಸೋಮ್ ರಣಭೂಮಿ ತೋರಿಸುವ ಟೂರಿನ ಈ ವಿಮರ್ಶೆಯನ್ನೂ ಅದೇ ಕಣ್ಣಿನಿಂದ ಬರೆದಿದ್ದೇನೆ. ಹೂವಿನ ಹಾಸಿಗೆ ಹೇಗಿತ್ತು, ಫೋಟೋ ಎಲ್ಲಿ ಚೆನ್ನಾಗಿ ಬರುತ್ತೆ ಅಂತ ಬೇಕಿದ್ದವರಿಗೆ ಇದು ಅಷ್ಟು ಉಪಯೋಗ ಆಗಲಿಕ್ಕಿಲ್ಲ.

ಟೂರ್ ಹೊರಡೋದು ಅಮಿಯಾಂ ರೈಲ್ವೆ ಸ್ಟೇಷನ್ ಎದುರಿನಿಂದ. ಎಂಟು ಸೀಟಿನ ವ್ಯಾನು, ಇಂಗ್ಲಿಷ್ ಮಾತಾಡುವ ಡ್ರೈವರೇ ಗೈಡು. ಇಂಥ ಕಂಪನಿಗಳು ಅಲ್ಲಿ ಬೇಕಾದಷ್ಟಿವೆ, ಹೆಸರು ಬರೆಯೋದಿಲ್ಲ. ತಲೆಗೆ ನೂರು ಯೂರೋ ಮೇಲೆ ಕೊಟ್ಟೆವು, ಊಟ ನಮ್ಮದೇ. ಡ್ರೈವರ್ ಒಳ್ಳೆಯವನು, ವಿಷಯ ಗೊತ್ತಿದ್ದವನು. ತೊಂದರೆ ಇದ್ದದ್ದು ಕಂಪನಿ ಹಾಕಿಕೊಟ್ಟ ಟೈಮ್‌ಟೇಬಲ್‌ನಲ್ಲಿ.

ಮೊದಲು ಲಾ ಬುವಾಸೆಲ್ ಹಳ್ಳಿಯ ಲಾಕ್‌ನಗರ್ ಕುಳಿ. 1916ರ ಜುಲೈ 1ರ ಬೆಳಿಗ್ಗೆ 7.28ಕ್ಕೆ, ದಾಳಿಗೆ ಎರಡೇ ನಿಮಿಷ ಮುಂಚೆ, ಬ್ರಿಟಿಷರು ಜರ್ಮನ್ ಸಾಲಿನ ಅಡಿಯಲ್ಲಿ ಸುಮಾರು 27 ಟನ್ ಅಮೋನಾಲ್ ಸ್ಫೋಟಕ ಸಿಡಿಸಿದರು. ಕುಳಿಯ ಅಗಲ ನೂರು ಮೀಟರ್, ಆಳ 21 ಮೀಟರ್. ಏಳು ಮಹಡಿ ಕಟ್ಟಡ ಒಳಗೆ ಮುಳುಗುತ್ತೆ. ಆದರೆ ನನಗೆ ಕುಳಿಗಿಂತ ಸುರಂಗ ತೋಡಿದ ರೀತಿಯೇ ದೊಡ್ಡದು ಅನ್ನಿಸಿತು. ಅಲ್ಲಿನ ನೆಲ ಸೀಮೆಸುಣ್ಣದ್ದು, ಪಿಕಾಸಿ ಹಾಕಿದರೆ ಶಬ್ದ ಶತ್ರುವಿಗೆ ಕೇಳುತ್ತೆ. ಅದಕ್ಕೆ ಬಯೋನೆಟ್‌ಗೆ ಹಿಡಿ ಕಟ್ಟಿ, ಅದನ್ನು ಸುಣ್ಣದ ಬಿರುಕಿಗೆ ತೂರಿಸಿ, ತಿರುಚಿ, ಬೀಳುವ ಹೆಂಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ. ನೆಲಕ್ಕೆ ಮರಳು ಚೀಲ ಹಾಸಿ, ಬರಿಗಾಲಲ್ಲಿ, ಪಿಸುಮಾತಲ್ಲಿ ಕೆಲಸ. ಇಷ್ಟೆಲ್ಲ ಮಾಡಿಯೂ ಆ ದಿನ ದಾಳಿಗೆ ಅದರಿಂದ ಅಂಥ ಲಾಭ ಆಗಲಿಲ್ಲ. ಸೋಮ್‌ನಲ್ಲಿ ಅದೊಂದೇ ದಿನ ಸತ್ತ ಬ್ರಿಟಿಷ್ ಕಡೆಯವರು 19,240.

1978ರಲ್ಲಿ ಒಬ್ಬ ಇಂಗ್ಲಿಷಿನವರು ಈ ಜಾಗ ಕೊಂಡುಕೊಂಡದ್ದರಿಂದ ಕುಳಿ ಉಳಿಯಿತು, ಇಲ್ಲದಿದ್ದರೆ ಮುಚ್ಚಿ ಬೀಟ್‌ರೂಟ್ ಬೆಳೆಯುತ್ತಿದ್ದರೇನೋ. ಟಿಕೆಟ್ ಇಲ್ಲ. ಅಂಚಿನ ಸುತ್ತ ಮರದ ಹಲಗೆ ದಾರಿ ಇದೆ, ಒಳಗೆ ಇಳಿಯೋಕೆ ಬಿಡೋದಿಲ್ಲ, ಅದು ಸರಿಯೇ. ನಮಗೆ ಕೊಟ್ಟದ್ದು ಹದಿನೈದು ನಿಮಿಷ. ಒಂದು ಸುತ್ತು ಹಾಕಿ ನಿಲ್ಲುವಷ್ಟರಲ್ಲಿ ಹಾರ್ನ್! ಅದೇ ಊಟದ ಜಾಗದಲ್ಲಿ, ಪಕ್ಕದ ಸುವನಿರ್ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂರಿಸಿದರು. ತುಕ್ಕು ಹಿಡಿದ ಗುಂಡು, ಬಟನ್‌ಗಳಿಗೆ ಪಾಲಿಶ್ ಹೊಡೆದು ಮಾರುವ ಅಂಗಡಿ. ನನಗೆ ಇಷ್ಟ ಆಗಲಿಲ್ಲ.

ಬೋಮೋಂ-ಅಮೆಲ್‌ಗೆ ಮಾತ್ರ ಪೂರ್ತಿ ಮಾರ್ಕ್ಸು. ಇದು ನ್ಯೂಫೌಂಡ್‌ಲ್ಯಾಂಡ್‌ನವರ (ಈಗ ಕೆನಡಾದ ಭಾಗ) ಸ್ಮಾರಕ, ಮೇಲೆ ಕಂಚಿನ ಕ್ಯಾರಿಬೂ, ಅಂದರೆ ಅಲ್ಲಿನ ಹಿಮಸಾರಂಗ, ನಿಂತಿದೆ. ಅದೇ ಜುಲೈ 1ರಂದು ಇಲ್ಲಿಂದ ಮೇಲೆದ್ದು ಹೋದವರು ಸುಮಾರು 800, ಮರುದಿನ ಹಾಜರಿಗೆ ಓಗೊಟ್ಟವರು 68. ಟ್ರೆಂಚುಗಳನ್ನು ಹಾಗೇ ಬಿಟ್ಟಿದ್ದಾರೆ. ಹುಲ್ಲು ಮುಚ್ಚಿದ್ದರೂ ಅಂಕುಡೊಂಕು ಸ್ಪಷ್ಟ ಕಾಣುತ್ತೆ. ಯಾಕೆ ಅಂಕುಡೊಂಕು? ಒಂದು ಶೆಲ್ ಒಳಗೆ ಬಿದ್ದರೆ ಅದರ ಹೊಡೆತ ಆ ತಿರುವಿನಲ್ಲೇ ನಿಲ್ಲಬೇಕು, ಶತ್ರು ಒಳಗಿಳಿದರೂ ಉದ್ದಕ್ಕೂ ಗುಂಡು ಹೊಡೆಯೋಕೆ ಆಗಬಾರದು. ಅಲ್ಲಲ್ಲಿ ಸ್ಕ್ರೂ ಪಿಕೆಟ್‌ಗಳು ಇನ್ನೂ ನಿಂತಿವೆ. ಮುಳ್ಳುತಂತಿ ಕಟ್ಟುವ ಕಬ್ಬಿಣದ ಗೂಟಗಳು, ತುದಿ ಸುರುಳಿ ಸುತ್ತಿರುತ್ತೆ. ಕೆಳಗಿನ ಕಣ್ಣಿಗೆ (ತಂತಿ ಪೋಣಿಸುವ ಬಳೆಗೆ) ಕೋಲು ತೂರಿಸಿ ತಿರುಗಿಸಿದರೆ ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತೆ, ರಾತ್ರಿ ಸುತ್ತಿಗೆ ಹೊಡೆಯೋ ಹಾಗಿಲ್ಲವಲ್ಲ. ಕಾಲದ ತುಕ್ಕಿನಲ್ಲೂ ಆ ಕಣ್ಣುಗಳು ನೆಟ್ಟಗಿದ್ದವು.

ಇಲ್ಲಿ ಗೈಡ್ ಆಗಿರೋದು ಕೆನಡಾದ ವಿದ್ಯಾರ್ಥಿಗಳು, ಕಾಸು ಕೇಳೋದಿಲ್ಲ. "ಎಲ್ಲಿಂದ ಬಂದಿರಿ?" ಅಂದಳು ಒಬ್ಬ ಹುಡುಗಿ. ಬೆಂಗಳೂರು ಅಂದೆ. "ಟಾರ್ಪಿಡೋ ಬೆಂಗಳೂರಾ?" ಅಂದಳು ನೋಡಿ! ಮುಳ್ಳುತಂತಿ ಸೀಳುವ, ಮದ್ದು ತುಂಬಿದ ಕೊಳವೆ ಬೆಂಗಳೂರ್ ಟಾರ್ಪಿಡೋ ಹುಟ್ಟಿದ್ದು 1912ರಲ್ಲಿ ನಮ್ಮ ಮದ್ರಾಸ್ ಸ್ಯಾಪರ್ಸ್‌ನಲ್ಲೇ. 1944ರಲ್ಲಿ ನಾರ್ಮಂಡಿ ಕರಾವಳಿಯಲ್ಲೂ ಅದೇ ಬಳಸಿದರು. ಆಮೇಲೆ ಆ ಹುಡುಗಿಗೆ ಪಾಠ ಮಾಡಿದ್ದು ನಾನು, ಮಗಳು ತೋಳು ಹಿಡಿದು ಎಳೆಯೋ ತನಕ.

ಟಿಯೆಪ್ವಾಲ್‌ನ ದೊಡ್ಡ ಕಮಾನು ದೂರದಿಂದ ಚೆಂದ. ಗುರುತು ಸಿಗದೆ ಹೋದ 72,000ಕ್ಕೂ ಜಾಸ್ತಿ ಸೈನಿಕರ ಹೆಸರು. ಕಟ್ಟಿದ್ದು ಇಂಡಿಯಾ ಗೇಟ್‌ನ ಲಚ್ಯನ್ಸ್ ಅವರೇ. ಅಷ್ಟು ಹೆಸರಿನ ಮುಂದೆ ಕಣ್ಣು ಎಲ್ಲಿಡಬೇಕೋ ತಿಳಿಯೋದಿಲ್ಲ. ಬೇಗ ಹೊರಬಂದೆ.

ಟೂರ್‌ನವರ ಪಟ್ಟಿಯಲ್ಲಿ ನಮ್ಮ ಭಾರತೀಯ ಸೈನಿಕರ ಸ್ಮಾರಕ ಇರಲಿಲ್ಲ. ಕೇಳಿದ್ದಕ್ಕೆ ದೂರ ಆಗುತ್ತೆ ಅಂದರು. ನಿಜ, ಅದು ಇರುವ ನವ್ ಶಾಪೆಲ್ ಹಳ್ಳಿ ಉತ್ತರದಲ್ಲಿದೆ. ಲೀಲ್‌ನಿಂದ ಮಗಳ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಟ್ಟಿದೆವು. ಲಾ ಬೊಂಬ್ ಕೂಡುರಸ್ತೆಯ ಪಕ್ಕ, ಸುತ್ತ ಹೊಲ. ಹರ್ಬರ್ಟ್ ಬೇಕರ್ ಕಟ್ಟಿದ್ದು, 1927ರಲ್ಲಿ ತೆರೆದದ್ದು. ಎತ್ತರದ ಕಂಬ, ಬುಡದಲ್ಲಿ ಎರಡು ಹುಲಿ, ಸಾಂಚಿ ಥರದ ಕಲ್ಲಿನ ಜಾಲರಿ. ಗೋರಿ ಸಿಗದ 4,700ಕ್ಕೂ ಜಾಸ್ತಿ ಭಾರತೀಯರ ಹೆಸರು ರೆಜಿಮೆಂಟ್ ಪ್ರಕಾರ ಕೆತ್ತಿದ್ದಾರೆ. ನಾನು ನೇರ ಹೋದದ್ದು ಸ್ಯಾಪರ್ಸ್ ಸಾಲಿಗೆ. 1914ರ ಅಕ್ಟೋಬರ್ 28ರಂದು ಬಾಂಬೆ ಸ್ಯಾಪರ್ಸ್‌ನ 20 ಮತ್ತು 21ನೇ ಕಂಪನಿಗಳನ್ನು ಪದಾತಿದಳದ ಹಾಗೆ ಬಯೋನೆಟ್ ಹಿಡಿಸಿ ಇದೇ ಹಳ್ಳಿಗೆ ನುಗ್ಗಿಸಿದ್ದರು. ಅವರ ಬ್ರಿಟಿಷ್ ಅಧಿಕಾರಿಗಳಲ್ಲಿ ಸಾಯದೆ, ಗಾಯವಾಗದೆ ಉಳಿದವರು ಯಾರೂ ಇಲ್ಲ. ಸೇತುವೆ ಕಟ್ಟಲು ಕಲಿತವರನ್ನು ಹಾಗೆ ಖರ್ಚು ಮಾಡಿದ್ದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತೆ. ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್‌ನವರನ್ನು ಇಲ್ಲಿ ಹುಡುಕಬೇಡಿ, ಅವರು ಹೋರಾಡಿದ್ದು ಪ್ಯಾಲೆಸ್ಟೈನ್ ಕಡೆ, ಹೈಫಾದಲ್ಲಿ.

ನವ್ ಶಾಪೆಲ್ ಸ್ಮಾರಕದಲ್ಲಿ ಗೈಡಿಲ್ಲ, ಅಂಗಡಿಯಿಲ್ಲ, ಶೌಚಾಲಯ ಕಾಣಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಾರಿಯಲ್ಲೇ ಮುಗಿಸಿಕೊಳ್ಳಿ. ಹಳ್ಳಿ ಹೋಟೆಲುಗಳಲ್ಲಿ ಎರಡು ಗಂಟೆ ಮೇಲೆ ಅಡುಗೆಮನೆ ಬಂದ್, ಚಪಾತಿ ಕಟ್ಟಿಕೊಂಡೇ ಹೋಗಿ. ಹೊಲದ ಅಂಚಿನಲ್ಲಿ, ಕರೆಂಟ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಶೆಲ್ ಕಂಡರೆ ಮುಟ್ಟಲೇಬೇಡಿ. ಉಳುವಾಗ ಇನ್ನೂ ಸಿಗುತ್ತಲೇ ಇವೆ, ರೈತರು ಬಾಂಬ್ ನಿಷ್ಕ್ರಿಯದಳಕ್ಕೆ ಅಂತ ಇಟ್ಟಿರುತ್ತಾರೆ. ಒಳಗಿನ ಮದ್ದು ಮುಪ್ಪಾದಷ್ಟೂ ನಂಬುವ ಹಾಗಿಲ್ಲ.

ಟೂರ್‌ಗೆ ಐದಕ್ಕೆ ಮೂರು, ಅದರಲ್ಲಿ ಎರಡು ಡ್ರೈವರ್‌ಗೇ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಅಲ್ಲಿ ಕಾರು ಓಡಿಸೋಕೆ ಬಂದರೆ ಈ ವ್ಯಾನಿನ ಗೊಡವೆ ಬೇಡ. ಬೆಳಿಗ್ಗೆ ಲಾಕ್‌ನಗರ್, ಮಧ್ಯಾಹ್ನವೆಲ್ಲ ಬೋಮೋಂ-ಅಮೆಲ್, ನವ್ ಶಾಪೆಲ್‌ಗೆ ಬೇರೆ ದಿನ ಇಟ್ಟುಕೊಳ್ಳಿ.